ಲಾಂಡ್ರಿ ರೂಮಿನ ಒರಳು

ಎದುರು ಬಾಗಿಲಿನ ಅಜ್ಜಿ ನನಗೆ ಪರಿಚಯವಾದದ್ದು ಬೈಗುಳದ ಮೂಲಕ. ಬೈಸಿಕೊಂಡವಳು ನನ್ನ ನಾಲ್ಕು ವರ್ಷದ ಮಗಳು. ಬೈದವರು ಅಜ್ಜಿ ಮತ್ತು ನಾನು, ಇಬ್ಬರೂ ಒಟ್ಟಿಗೆ, ಬೇರೆ ಬೇರೆ ಭಾಷೆಯಲ್ಲಿ.

ನಾವು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಂಡಿರಲಿಲ್ಲ. ನಮ್ಮವರಿಗೆ ಫ್ರೀವೇ ಆಚೆಯ ಗಾಜಿನ ಕಟ್ಟಡಗಳಲ್ಲಿ ಸಾಫ್ಟ್‌ವೇರ್ ಕೆಲಸ. ಡಾಟ್‌ಕಾಮ್, ಡಾಟ್‌ಕಾಮ್ ಎಂದು ಇಡೀ ಬೇ ಏರಿಯಾ ಮೈಮೇಲೆ ಬಂದವರಂತೆ ಕುಣಿಯುತ್ತಿದ್ದ ವರ್ಷಗಳು ಅವು. ಇಬ್ಬರು ಸೇರಿದರೆ ಸ್ಟಾಕಿನ ಮಾತು, ಮೂರನೆಯವನು ಬಂದರೆ ಅವನು ಸೇರಲಿರುವ ಹೊಸ ಕಂಪನಿಯ ಮಾತು. ನನ್ನದೋ, ಗಂಡನ ಹಿಂದೆ ಬಂದ ಹೆಂಡತಿಯರಿಗೆ ಕೊಡುವ ವೀಸಾ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳಿ ಬಂದಿದ್ದ ನಾನು ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಮುಖ ನೋಡಿಕೊಂಡು, ಸಂಜೆ ನಮ್ಮವರ ಮುಖ ಕಂಡ ಕೂಡಲೇ ಉರಿದು ಬೀಳುತ್ತಿದ್ದೆ. ಅವರು ಪಾಪ ಏನೂ ಮಾಡಿರುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ದಿನ ಎದುರು ಮನೆಯವರ ಪಾರ್ಸೆಲ್ಲನ್ನು ಪೋಸ್ಟಿನವನು ನಮ್ಮ ಬಾಗಿಲಲ್ಲಿಟ್ಟು ಹೋದ. ಎತ್ತಿದರೆ ಕಲ್ಲು ತುಂಬಿದಷ್ಟು ಭಾರ, ಅಲ್ಲಾಡಿಸಿದರೆ ಗೋಲಿಗಳ ಸದ್ದು. ಅದನ್ನು ಕೊಡಲು ಮಗಳನ್ನು ಕರೆದುಕೊಂಡು ಹೋದೆ. ಬಾಗಿಲು ತೆರೆದವರು ಎಪ್ಪತ್ತರ ಹತ್ತಿರದ ಹೆಂಗಸು, ಗೋಧಿ ಬಣ್ಣ, ಅಗಲ ಮುಖ, ಬೆನ್ನ ಮೇಲೆ ತೆಳ್ಳನೆಯ ಬಿಳಿ ಜಡೆ. ನಮ್ಮ ಕಡೆಯವರೇ ಯಾರೋ ಪ್ಯಾಂಟು ಹಾಕಿಕೊಂಡು ನಿಂತಿದ್ದಾರೆ ಅನ್ನಿಸಿತು. ಒಳಗೆ ಕರೆದರು. ಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಮರದ ದಿಮ್ಮಿ ಇತ್ತು. ಅದರ ಮೇಲಿರುತ್ತಿದ್ದ ಹೂಕುಂಡವನ್ನು ನೀರು ಹಾಕಲೆಂದು ಕೆಳಗಿಳಿಸಿದ್ದರು. ನನ್ನ ಮಗಳು ಸೀದಾ ಹೋಗಿ ದಿಮ್ಮಿಯ ಮೇಲೆ ಕುಕ್ಕರಿಸಿದಳು.

"ಅದರ ಮೇಲೆ ಮಾತ್ರ ಬೇಡ!" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಕೂಗಿದರು. ಅದೇ ಗಳಿಗೆಗೆ ನಾನು, "ಏಯ್, ಏಳೇ ಮೇಲೆ, ಒರಳ ಮೇಲೆ ಕೂರ್ತಾರೇನೇ!" ಎಂದು ಗದರಿದ್ದೆ.

ದಿಮ್ಮಿಯ ನೆತ್ತಿಯಲ್ಲಿ ತೋಡಿದ ಗುಂಡಿಯನ್ನು ನನ್ನ ಕಣ್ಣು ಅಷ್ಟರಲ್ಲೇ ಗುರುತಿಸಿತ್ತು. ಮಗಳು ಇಬ್ಬರ ಮುಖವನ್ನೂ ನೋಡಿ ಅಳತೊಡಗಿದಳು. ಅಜ್ಜಿ ನನ್ನನ್ನು, "ನೀನು ಏನಂದೆ?" ಎಂದು ಕೇಳಿದರು. ನಾನು ಎರಡು ಕೈ ಮುಷ್ಟಿ ಮಾಡಿ ಒನಕೆಯಲ್ಲಿ ಕುಟ್ಟುವ ಹಾಗೆ ಮಾಡಿ ತೋರಿಸಿದೆ, ನಮ್ಮಲ್ಲೂ ಅನ್ನ ಕೊಡುವ ಒರಳಿನ ಮೇಲೆ ಕೂರಬಾರದೆಂದೆ. ಅವರು ಬಾಯಿ ತೆರೆದು ನಕ್ಕು, ಕೋಟು ನೇತುಹಾಕುವ ಕಪಾಟಿಗೆ ಹೋಗಿ ವ್ಯಾಕ್ಯೂಮ್ ಕ್ಲೀನರಿನ ಹಿಂದಿನಿಂದ ಒಂದು ಒನಕೆಯನ್ನೇ ಎಳೆದು ತಂದರು. ಅಮೆರಿಕದಲ್ಲಿ ಒನಕೆ ನೋಡುತ್ತೇನೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅಜ್ಜಿಯ ಊರು ಒಕ್ಲಹೋಮದಲ್ಲಿ, ಒಂದು ಪುಟ್ಟ ನದಿಯ ದಂಡೆಯಲ್ಲಿ. ಅವರು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನ. ಅವರ ಅಜ್ಜಿಯ ಅಜ್ಜಿಯ ಕಾಲದಲ್ಲಿ ಸೈನಿಕರು ಬಂದು ಪೂರ್ವದ ಬೆಟ್ಟಗಳಲ್ಲಿದ್ದ ಆ ಜನರನ್ನು ಒಲೆ ಮೇಲಿನ ಅಡುಗೆಯನ್ನೂ ಇಳಿಸಲು ಬಿಡದೆ ಎಬ್ಬಿಸಿ, ಚಳಿಯಲ್ಲಿ ನಡೆಸಿಕೊಂಡು ಬಂದು ಅಲ್ಲಿ ಬಿಟ್ಟರಂತೆ. ದಾರಿಯಲ್ಲಿ ಸತ್ತವರು ಸತ್ತರು, ಉಳಿದವರು ನದಿ ನೋಡಿ ನಿಂತರು, ಅದೇ ಊರಾಯಿತು. ಇದನ್ನೆಲ್ಲ ಅಜ್ಜಿ ತರಕಾರಿ ಹೆಚ್ಚುತ್ತ ಹೇಳಿದರು, ದನಿಯನ್ನು ಏರಿಸದೆ. ಕೇಳುತ್ತ ನನಗೇ ರಕ್ತ ಕುದಿಯಿತು.

ಆಮೇಲಾಮೇಲೆ ಆ ಊರು ನನಗೆ ಕಣ್ಣು ಮುಚ್ಚಿದರೂ ಕಾಣುವಷ್ಟು ಗೊತ್ತಾಯಿತು. ಒಂದೇ ಒಂದು ದೊಡ್ಡ ಬೀದಿ. ಬೀದಿಯ ಕೊನೆಗೆ ಸೇತುವೆ. ಕೆಳಗೆ ಮೊಣಕಾಲುದ್ದದ ತಿಳಿನೀರು, ತಳದ ಬೆಣಚುಕಲ್ಲು ಎಣಿಸುವ ಹಾಗೆ. ಚಳಿ ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ದಂಡೆಗೆ ಹೋಗಿ ಕಾಡು ಈರುಳ್ಳಿ ಕಿತ್ತು ತಂದು ಮೊಟ್ಟೆಯ ಜೊತೆ ಹುರಿದು ಊರಿಗೇ ಊಟ ಹಾಕುವರಂತೆ. ಅವರ ಭಾಷೆಗೆ ಸ್ವಂತ ಲಿಪಿಯಿದೆ, ನಮ್ಮ ಕಾಗುಣಿತದಂತೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. ತಮ್ಮ ಅಮ್ಮ ಚರ್ಚಿನಲ್ಲಿ ಆ ಅಕ್ಷರದ ಪುಸ್ತಕ ಹಿಡಿದು ಹಾಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ನಾನು ಕಾವೇರಿ ದಂಡೆಯ ಊರಿನವಳು. ರೆಡ್‌ವುಡ್ ಸಿಟಿಯಲ್ಲಿ ನದಿ ಎಂಬುದಿಲ್ಲ, ಸಿಮೆಂಟು ಬಳಿದ ಒಂದು ಕಾಲುವೆಯಿದೆ. ಸಂಜೆ ನಾವಿಬ್ಬರೂ ಅದರ ಪಕ್ಕ ವಾಕಿಂಗು ಹೋಗಿ, ಇದೂ ಒಂದು ನೀರಾ ಎಂದು ಮನಸಾರೆ ಹಳಿದು ಮನೆಗೆ ಬರುತ್ತಿದ್ದೆವು. ಅಷ್ಟರಿಂದಲೇ ನನಗೆ ರಾತ್ರಿ ಒಳ್ಳೆಯ ನಿದ್ದೆ ಬರತೊಡಗಿತು. ನಮ್ಮವರ ಮೇಲೆ ರೇಗುವುದೂ ಎಷ್ಟೋ ಕಡಿಮೆಯಾಯಿತು.

ಅಜ್ಜಿ ಇಪ್ಪತ್ತರ ಹುಡುಗಿಯಾಗಿದ್ದಾಗ ಗಂಡನ ಜೊತೆ ಆ ಊರು ಬಿಟ್ಟವರು. ಅವರಂಥವರಿಗೆ ನಗರದಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಸರ್ಕಾರವೇ ಆಗ ರೈಲಿನ ಟಿಕೆಟ್ಟು ಕೈಗಿಟ್ಟು ಕಳಿಸುತ್ತಿತ್ತಂತೆ. ಬರುವ ಟಿಕೆಟ್ಟು ಮಾತ್ರ, ವಾಪಸ್ ಹೋಗುವುದಲ್ಲ. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೈ ಸವೆಸಿದರು. ಅಮ್ಮ ತೀರಿಕೊಂಡಾಗ ರಜೆ ಸಿಗಲಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವರು ಅಕ್ಕ, ನದಿ ದಂಡೆಯ ಮನೆಯಲ್ಲಿ ಈಗಲೂ ಇರುವವರು ಅಕ್ಕ. ಅಜ್ಜಿಯ ಗಂಡನೂ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ: ಊರಿಗೆ ಹೋಗಿ ಅಕ್ಕನ ಜೊತೆ ಇದ್ದುಬಿಡಬೇಕು. ಆದರೆ ಅಕ್ಕನ ಮುಂದೆ ಬಾಯಿ ಬಿಡಲು ಧೈರ್ಯವಿಲ್ಲ.

"ಫೋನ್ ಮಾಡಿದಾಗೆಲ್ಲ, ನೀನು ಕ್ಯಾಲಿಫೋರ್ನಿಯಾದವಳಾಗಿಬಿಟ್ಟೆ, ಎಲ್ಲ ಮರೆತಿದ್ದೀಯ ಅಂತಾಳೆ, ಹನಿ," ಎಂದರು. ನನ್ನನ್ನು ಇಂಗ್ಲಿಷಿನ ಮುದ್ದು ಮಾತಿನಲ್ಲಿ ಹನಿ ಎನ್ನುತ್ತಿದ್ದರು, ಪೋಸ್ಟಿನವನನ್ನೂ ಹನಿ ಎನ್ನುತ್ತಿದ್ದರು. "ಅಮ್ಮನ ಮಣ್ಣಿಗೂ ಬರದವಳು ಈಗ ಮನೆಯಲ್ಲಿ ಜಾಗ ಕೇಳೋದು ಹೇಗೆ?"

ಅಕ್ಕ ಜನವರಿಯಲ್ಲಿ ತಂಗಿಯನ್ನು ನೋಡಲು ಮೊದಲ ಸಲ ಕ್ಯಾಲಿಫೋರ್ನಿಯಾಕ್ಕೆ ಬರುವವರಿದ್ದರು. ಆಗ ಅಜ್ಜಿ ಕನೂಚಿ ಎಂಬ ತಮ್ಮ ಕಡೆಯ ಅಡುಗೆ ಮಾಡಿ ಬಡಿಸಬೇಕು, ಅಮ್ಮ ಮಾಡುತ್ತಿದ್ದ ಹಾಗೆಯೇ, ಒರಳಲ್ಲಿ ಕುಟ್ಟಿ. ಮರೆತಿಲ್ಲ ಎಂದು ಬಾಯಲ್ಲಿ ಹೇಳುವ ಬದಲು ಬಟ್ಟಲಲ್ಲಿ ತೋರಿಸಬೇಕು. ಆಮೇಲೆ ಕೇಳಬೇಕು. ಇದು ಅವರ ಉಪಾಯ. ಆ ಪಾರ್ಸೆಲ್ಲಿನಲ್ಲಿದ್ದದ್ದು ಅದಕ್ಕೆ ಬೇಕಾದ ಹಿಕರಿ ಕಾಯಿ. ಊರಿನ ಗೆಳತಿಯೊಬ್ಬರಿಂದ ಗುಟ್ಟಾಗಿ ತರಿಸಿದ್ದು, ಕ್ಯಾಲಿಫೋರ್ನಿಯಾದ ಅಂಗಡಿಯಲ್ಲಿ ಸಿಗುವುದಿಲ್ಲ. ಅಕ್ರೋಟಿನ ಬಡಕಲು ತಮ್ಮನಂತಿರುತ್ತದೆ, ಚಿಪ್ಪು ಮಾತ್ರ ಕಲ್ಲು. ಅದನ್ನು ಒಡೆದು ದೊಡ್ಡ ಚಿಪ್ಪನ್ನು ಆಯ್ದು ಬಿಸಾಕಿ, ಉಳಿದದ್ದನ್ನು ಸಣ್ಣ ಚಿಪ್ಪಿನ ಸಮೇತ ಕುಟ್ಟಬೇಕು. ಕುಟ್ಟುತ್ತ ಹೋದರೆ ಎಣ್ಣೆ ಬಿಟ್ಟುಕೊಂಡು ಅಂಟಾಗುತ್ತದೆ. ಅದನ್ನು ಉಂಡೆ ಕಟ್ಟಿ ತಣ್ಣಗಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಕುದಿಯುವ ನೀರಿಗೆ ಹಾಕಿದರೆ ಉಂಡೆ ಕರಗಿ ಹಾಲಾಗುತ್ತದೆ, ಚಿಪ್ಪೆಲ್ಲ ತಳಕ್ಕಿಳಿಯುತ್ತದೆ. ಸೋಸಿ, ಜೋಳಕ್ಕೋ ಅನ್ನಕ್ಕೋ ಬೆರೆಸಿ ಉಣ್ಣುವುದು.

ಅಜ್ಜಿಯ ಬಲಭುಜಕ್ಕೆ ಆಪರೇಷನ್ ಆಗಿತ್ತು. ಕೈ ಕಿವಿಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ನಾನು ಕುಟ್ಟಿಕೊಡುತ್ತೇನೆ ಎಂದೆ. ಹೇಳಿದ ಮೇಲೆ ನನಗೆ ಬೇರೊಂದು ಹೊಳೆಯಿತು. ಅವರ ಉಪಾಯ ಫಲಿಸಿ ಅವರು ಹೊರಟುಹೋದರೆ ರೆಡ್‌ವುಡ್ ಸಿಟಿಯಲ್ಲಿ ನನಗೆ ತಟ್ಟಲು ಇನ್ನೊಂದು ಬಾಗಿಲಿರಲಿಲ್ಲ.

ಕುಟ್ಟುವುದೆಲ್ಲಿ? ಅಜ್ಜಿಯ ಮನೆಯಲ್ಲಿ ಶುರು ಮಾಡಿದ ಎರಡೇ ನಿಮಿಷಕ್ಕೆ ಕೆಳಗಿನ ಮನೆಯ ಪ್ರೋಗ್ರಾಮರ್ ಮೇಲೆ ಬಂದ. ಬೆಳಗಿನವರೆಗೂ ಆಫೀಸಿನಲ್ಲಿದ್ದು ಹಗಲು ಮಲಗುವವನು, ಕಣ್ಣು ಕೆಂಡದಂತಾಗಿತ್ತು. ಭೂಕಂಪ ಎಂದುಕೊಂಡನಂತೆ. ಅವನನ್ನು ಬೈಯುವಂತೆಯೂ ಇರಲಿಲ್ಲ. ಹಾಗಾಗಿ ಒರಳನ್ನು ಬಟ್ಟೆ ತುಂಬುವ ಗಾಡಿಯಲ್ಲಿಟ್ಟುಕೊಂಡು ಕೆಳಗಿನ ಲಾಂಡ್ರಿ ರೂಮಿಗೆ ಇಳಿಸಿದೆವು. ಅಲ್ಲಿ ಸಿಮೆಂಟು ನೆಲ. ನಾಲ್ಕು ಮಷೀನು ಒಟ್ಟಿಗೆ ತಿರುಗಿದರೆ ನಮ್ಮ ಸದ್ದು ಯಾರಿಗೂ ಕೇಳದು. ಎರಡು ಮನೆಯ ಒಗೆದ ಬಟ್ಟೆಗಳನ್ನೇ ಮತ್ತೆ ಮತ್ತೆ ಒಗೆದೆವು. ನಮ್ಮವರ ಶರಟುಗಳು ಆ ತಿಂಗಳು ಕಂಡಷ್ಟು ಸೋಪನ್ನು ಜನ್ಮದಲ್ಲಿ ಕಂಡಿರಲಿಲ್ಲ.

ಕುಟ್ಟುವುದನ್ನು ನನಗೆ ಕಲಿಸಬೇಡಿ ಎಂದು ಜಂಬದಿಂದ ಸೆರಗು ಸಿಕ್ಕಿಸಿ ಒನಕೆ ಹಿಡಿದೆ. ಮೊದಲ ಪೆಟ್ಟಿಗೇ ಕಾಯಿಗಳು ಚಿಮ್ಮಿ ಡ್ರೈಯರಿನ ಕೆಳಗೆ ಹೋದವು. ಅಜ್ಜಿ ಬಟ್ಟೆ ಮಡಿಸುವ ಮೇಜಿಗೆ ಒರಗಿ ಕೆಮ್ಮು ಬರುವವರೆಗೆ ನಕ್ಕರು. ನಾನು ಒನಕೆಯನ್ನು ತಲೆಕೆಳಗಾಗಿ ಹಿಡಿದಿದ್ದೆ. ಅವರದು ಕೆಳಗೆ ಸಣ್ಣ, ಮೇಲೆ ದಪ್ಪ, ಭಾರವೆಲ್ಲ ತಲೆಯಲ್ಲಿ.

"ಹೊಡೀಬೇಡ, ಹನಿ. ಎತ್ತು, ಬಿಡು. ಅದರ ತೂಕವೇ ಕೆಲಸ ಮಾಡುತ್ತೆ, ನೀನಲ್ಲ."

ನಮ್ಮ ಕಡೆ ಒನಕೆಗೆ ತೋಳಿನ ಬಲ ಕೊಡಬೇಕು, ಇಲ್ಲದಿದ್ದರೆ ಅತ್ತೆ ಅನ್ನ ದಂಡ ಎನ್ನುತ್ತಾಳೆ. ಬಿಡುವುದನ್ನು ಕಲಿಯಲು ನನಗೆ ವಾರವೇ ಹಿಡಿಯಿತು. ಒಮ್ಮೆ ಕೈಗೆ ಹತ್ತಿದ ಮೇಲೆ ಮಾತ್ರ ಅದರಂಥ ಸುಖ ಇನ್ನೊಂದಿಲ್ಲ. ಸೋಪಿನ ವಾಸನೆ, ಡ್ರೈಯರಿನ ಬೆಚ್ಚನೆಯ ಗಾಳಿ, ಕಾಯಿಯ ಎಣ್ಣೆಯ ಘಮ, ಅಜ್ಜಿಯ ಊರಿನ ಮಾತು. ಗೌರಿ ಹಬ್ಬಕ್ಕೆಂದು ನಮ್ಮಮ್ಮ ಕಳಿಸಿದ್ದ ಬಾಗಿನದ ಮೊರದಲ್ಲಿ ನಾನು ಕೇರಿ ಕೇರಿ ದಪ್ಪ ಚಿಪ್ಪನ್ನು ಬೇರೆ ಮಾಡುತ್ತಿದ್ದೆ. ಕೊನೆಗೆ ಉಂಡೆಗಳಾದವು, ಕಂದು ಬಣ್ಣದ, ಮುಷ್ಟಿ ಗಾತ್ರದ, ಎಣ್ಣೆ ಮಿನುಗುವ ಉಂಡೆಗಳು. ಅಜ್ಜಿಯ ಮನೆಯ ಫ್ರೀಝರ್ ಕೆಟ್ಟಿತ್ತು, ಕಟ್ಟಡದ ಮ್ಯಾನೇಜರ್ ನಾಳೆ ನಾಳೆ ಎನ್ನುತ್ತಿದ್ದ. ಆದ್ದರಿಂದ ಉಂಡೆಗಳನ್ನು ನಮ್ಮ ಫ್ರೀಝರಿನಲ್ಲಿಟ್ಟೆ.

ಸಂಕ್ರಾಂತಿ ಬಂತು. ಬೇ ಏರಿಯಾದಲ್ಲೇ ಇರುವ ಡಬ್ಲಿನ್ ಎಂಬ ಊರಿನಿಂದ ಹುಬ್ಬಳ್ಳಿ ಕಡೆಯ ಒಂದು ಕುಟುಂಬ, ಮಕ್ಕಳು ಮರಿ ಸಮೇತ, ಎಳ್ಳು ಬೀರಲು ಬಂದರು. ನಾನು ಅಡುಗೆಮನೆಯಲ್ಲಿ ಪೊಂಗಲ್ ತಳ ಹಿಡಿಯದಂತೆ ಕೈಯಾಡಿಸುತ್ತಿದ್ದೆ. ಐಸ್ ತೆಗೆಯಲು ಬಂದ ನಮ್ಮವರು ಫ್ರೀಝರಿನಲ್ಲಿ ಏನನ್ನು ಕಂಡರು, ಏನೆಂದುಕೊಂಡರು ಎಂಬುದು ನನಗೆ ಗೊತ್ತಾದದ್ದು ನಡುಮನೆಯಿಂದ ಕಟುಂ ಎಂಬ ಸದ್ದು ಕೇಳಿದ ಮೇಲೆ.

"ಅಯ್ಯ ನಮ್ಮವ್ವ! ಹಲ್ಲs ಹೋತಲ್ರಿ!" ಎಂದು ಆ ಮನೆಯ ಯಜಮಾನರು ದವಡೆ ಹಿಡಿದುಕೊಂಡಿದ್ದರು.

ಹೊರಗೆ ಓಡಿದೆ. ಎಳ್ಳು ಬೆಲ್ಲದ ತಟ್ಟೆಯ ಪಕ್ಕದಲ್ಲಿ, ಮೈಕ್ರೋವೇವಿನಲ್ಲಿ ಬೆಚ್ಚಗೆ ಮಾಡಿದ ಕನೂಚಿ ಉಂಡೆಗಳು, ಅಲ್ಲಿದ್ದವೆಲ್ಲ ಕಡಿದು ಮುರಿದವು. ಯಜಮಾನರ ಹೆಂಡತಿ ಪುಣ್ಯಾತ್ಗಿತ್ತಿ, ಚಿಪ್ಪನ್ನು ಟಿಶ್ಯೂ ಪೇಪರಿಗೆ ಉಗಿಯುತ್ತ, "ಇರ್ಲಿ ಬಿಡ್ರಿ ವೈನಿ, ರುಚಿ ಛಲೋ ಅದ. ನಿಮ್ಮ ಮಂಡ್ಯದ ಕಡೆ ತಂಬಿಟ್ಟು ಹಿಂಗs ಮಾಡ್ತಾರೇನ್ರಿ?" ಎಂದರು. ಮಕ್ಕಳು ಉಳಿದ ಎರಡನ್ನು ಸೋಫಾದ ಕೆಳಗೆ ಉರುಳಿಸಿಕೊಂಡು ಆಡುತ್ತಿದ್ದರು, ಅವಕ್ಕೆ ಕಾರ್ಪೆಟ್ಟಿನ ಕೂದಲೆಲ್ಲ ಮೆತ್ತಿತ್ತು.

"ನೀನೇ ತಂಬಿಟ್ಟು ಮಾಡಿ ಬಚ್ಚಿಟ್ಟಿದ್ದೀಯ ಅನ್ಕೊಂಡೆ ಕಣೇ," ಎಂದು ನಮ್ಮವರು ಮೆಲ್ಲಗೆ ಅಂದರು.

"ಬಚ್ಚಿಟ್ಟಿದ್ದು ಅಂತ ಗೊತ್ತಾದ್ಮೇಲೂ ತೆಗೆದು ಹಂಚ್ತಾರೇನ್ರೀ?"

ಅತಿಥಿಗಳು ಹೋಗುವವರೆಗೆ ಹೇಗೋ ಹಲ್ಲು ಕಚ್ಚಿ ಇದ್ದೆ. ಆಮೇಲೆ ನಾನು ಆಡಿದ ಮಾತುಗಳು ಇಲ್ಲಿ ಬೇಡ. ಅಜ್ಜಿಗೆ ಹೇಳುವುದನ್ನು ಅವರ ತಲೆಗೇ ಕಟ್ಟಿದೆ. ಕಾಲುಚೀಲದಲ್ಲೇ ಎದುರು ಬಾಗಿಲಿಗೆ ಹೋಗಿ, ನನ್ನನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತು ನಮ್ಮವರು ಎಲ್ಲವನ್ನೂ ಹೇಳಿದರು, ಹಲ್ಲಿನ ಸುದ್ದಿಯನ್ನೂ ಸೇರಿಸಿ. ಅಜ್ಜಿ ಭುಜ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕುರ್ಚಿಯಲ್ಲಿ ಕೂತರು. "ಅಕ್ಕ ಶನಿವಾರ ಬರ್ತಾಳೆ," ಎಂದಷ್ಟೇ ಹೇಳಿದರು. ಅವರು ಹೋಗಬಾರದೆಂದು ನನ್ನೊಳಗೆ ಇದ್ದ ಆಸೆ ಆ ಮುಖ ನೋಡಿ ನನಗೇ ಅಸಹ್ಯವೆನಿಸಿತು.

ಪಾರ್ಸೆಲ್ಲಿನಲ್ಲಿ ಹುಳುಕೆಂದು, ತೀರಾ ಸಣ್ಣವೆಂದು ತೆಗೆದಿಟ್ಟ ಕಾಯಿಗಳು ಸ್ವಲ್ಪ ಉಳಿದಿದ್ದವು. ನೀರಿಗೆ ಹಾಕಿ ತೇಲಿದ್ದನ್ನು ಬಿಸಾಕಿ, ಮುಳುಗಿದ್ದನ್ನು ಒಲೆಯ ಪಕ್ಕ ಒಣಗಿಸಿದೆವು. ಒಂದು ಬಟ್ಟಲಿಗಾದರೂ ಆಗುತ್ತದೆ ಎಂದೆ ನಾನು. ಅಜ್ಜಿ ನಂಬಲಿಲ್ಲ, ಆದರೂ ಒಡೆಯಲು ಕೂತರು. ಪ್ರಾಯಶ್ಚಿತ್ತಕ್ಕೆ ನಮ್ಮವರು ಅಕ್ಕನನ್ನು ಏರ್‌ಪೋರ್ಟಿನಿಂದ ಕರೆತರುತ್ತೇನೆ ಎಂದರು.

ಶನಿವಾರ ಮಧ್ಯಾಹ್ನ ನಾನು ಲಾಂಡ್ರಿ ರೂಮಿನಲ್ಲಿ ಕುಟ್ಟುತ್ತಿದ್ದೆ, ಅಜ್ಜಿ ಒರಳಿನ ಅಂಚಿಗೆ ಬಂದದ್ದನ್ನು ಎಡಗೈಯಿಂದ ಒಳಗೆ ತಳ್ಳುತ್ತಿದ್ದರು. ಮಷೀನುಗಳು ಆಗಷ್ಟೇ ನಿಂತಿದ್ದವು. ಕಾಯಿ ಇನ್ನೂ ಎಣ್ಣೆ ಬಿಟ್ಟಿರಲಿಲ್ಲ, ಆದ್ದರಿಂದ ನಾನೂ ನಿಲ್ಲಿಸಲಿಲ್ಲ. ಫ್ರೀವೇ ಖಾಲಿಯಿದ್ದು ನಮ್ಮವರು ಬೇಗನೇ ಬಂದುಬಿಟ್ಟಿದ್ದರಂತೆ. ಪಾರ್ಕಿಂಗಿನಲ್ಲಿ ಕಾರಿನಿಂದ ಇಳಿದ ಅಕ್ಕ ಎರಡು ಹೆಜ್ಜೆ ಇಟ್ಟು ನಿಂತರಂತೆ. ನಮ್ಮವರು ಪೆಟ್ಟಿಗೆ ಹಿಡಿದು, ಮನೆ ಮೇಲಿದೆ, ಮೆಟ್ಟಿಲು ಈ ಕಡೆ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ, ಕಟ್ಟಡದ ಹಿಂದಕ್ಕೆ ಸದ್ದು ಬಂದ ಕಡೆಗೆ ನಡೆದರಂತೆ.

ಬಾಗಿಲಲ್ಲಿ ಎತ್ತರದ ಮುದುಕಿಯೊಬ್ಬರು ನಿಂತಿದ್ದರು. ಜೀನ್ಸು ಪ್ಯಾಂಟು, ಅಜ್ಜಿಯದೇ ಮುಖ, ಅದೇ ಜಡೆ. ಅವರದೇ ಭಾಷೆಯಲ್ಲಿ ಏನೋ ಹೇಳಿದರು. ಅಜ್ಜಿ ಇಂಗ್ಲಿಷಿನಲ್ಲಿ, "ಇನ್ನೂ ಆಗಿಲ್ಲ, ನೀನು ಬೇಗ ಬಂದುಬಿಟ್ಟೆ," ಎಂದರು. ಅಕ್ಕ ಮತ್ತೇನೋ ಕೇಳಿದರು, ಅಜ್ಜಿಯದು ಮತ್ತೆ ಇಂಗ್ಲಿಷ್. ಅಜ್ಜಿಗೆ ಎಲ್ಲವೂ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ನಮ್ಮ ಮನೆಯಲ್ಲಿ ಮಗಳು ಆಗಲೇ ನನ್ನ ಕನ್ನಡಕ್ಕೆ ಹಾಗೆ ಉತ್ತರಿಸತೊಡಗಿದ್ದಳು. ಅಕ್ಕ ಒಳಗೆ ಬಂದು, ಒರಳಿಗೆ ಎರಡು ಬೆರಳು ಹಾಕಿ ಉಜ್ಜಿ ನೋಡಿ, ನನ್ನ ಕೈಯಿಂದ ಒನಕೆ ತೆಗೆದುಕೊಂಡರು. ಹತ್ತು ಪೆಟ್ಟು ಹಾಕುವಷ್ಟರಲ್ಲಿ ದಮ್ಮು ಹತ್ತಿತು. ಒನಕೆ ನನಗೇ ವಾಪಸ್ ಬಂತು.

ಸಿಕ್ಕಿದ್ದು ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ. ಮೇಲೆ ಹೋಗಿ ಅಜ್ಜಿ ಅದನ್ನು ಕುದಿಸಿ ಸೋಸಿದರು, ನಾನು ಸೋನಾ ಮಸೂರಿ ಮೆತ್ತಗೆ ಬೇಯಿಸಿ ತಂದೆ. ಅಜ್ಜಿ ಹಾಲನ್ನೆಲ್ಲ ಅಕ್ಕನ ಬಟ್ಟಲಿಗೇ ಸುರಿದು, ತಮಗೆ ಹಸಿವಿಲ್ಲ ಎಂದರು. ಅಕ್ಕ ತಲೆಯೆತ್ತದೆ ಉಂಡರು. ಅಜ್ಜಿ ಹವೆಯ ಬಗ್ಗೆ ಮಾತಾಡಿದರು, ಫ್ರೀವೇ ಬಗ್ಗೆ ಮಾತಾಡಿದರು, ಕೆಳಗಿನ ಪ್ರೋಗ್ರಾಮರನ ನಿದ್ದೆಯ ಬಗ್ಗೆ ಕೂಡ ಮಾತಾಡಿದರು. ಕೇಳಬೇಕಾದ ಒಂದು ಮಾತು ಬಿಟ್ಟು ಉಳಿದೆಲ್ಲವೂ ಬಾಯಿಂದ ಬಂತು. ನಾನು ಎದ್ದು ಹೋಗಲೂ ಆರದೆ ಕೂರಲೂ ಆರದೆ ಒದ್ದಾಡಿದೆ.

ಅಕ್ಕ ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. "ನಮ್ಮೂರಲ್ಲಿ ಈಗ ಇದನ್ನ ಕುಟ್ಟೋರು ಯಾರೂ ಉಳಿದಿಲ್ಲ," ಎಂದರು ಇಂಗ್ಲಿಷಿನಲ್ಲಿ. "ನಾನೂ ಮಿಕ್ಸಿಗೆ ಹಾಕ್ತೀನಿ."

"ಮಿಕ್ಸಿಗಾ?" ಅಜ್ಜಿ ಕುರ್ಚಿಯಿಂದ ಅರ್ಧ ಎದ್ದರು. "ಮರೆತೆ ಮರೆತೆ ಅಂತ ನನ್ನನ್ನ ಇಷ್ಟು ವರ್ಷ ಬೈದೆಯಲ್ಲ!"

"ಬೈದರೆ ರೋಷಕ್ಕಾದರೂ ವಾಪಸ್ ಬರ್ತೀಯ ಅಂತ ಬೈದೆ. ನೀನು ಬರಲಿಲ್ಲ." ಅಕ್ಕ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಅಮ್ಮನ ಕೋಣೆ ಖಾಲಿ ಇದೆ. ಕಿಟಕಿ ತೆಗೆದರೆ ನದಿ. ಕೇಳಿದರೆ ಇಲ್ಲ ಅಂದುಬಿಡ್ತೀಯೇನೋ ಅಂತ ಹೆದರಿ ನಾನೇ ಕೇಳಲಿಲ್ಲ."

ಅಜ್ಜಿ ಕೂತರು. ಈಗ ಇಂಗ್ಲಿಷೂ ಬರಲಿಲ್ಲ. ಅವರು ಹೋಗಬಾರದೆಂದು ಅಷ್ಟು ದಿನ ನನ್ನೊಳಗಿದ್ದ ಆಸೆ ಎಲ್ಲಿ ಹೋಯಿತೋ, ನನ್ನ ಕಣ್ಣಲ್ಲಿ ನೀರು ಸುರಿಯತೊಡಗಿತು. ಸುಳ್ಳೇಕೆ, ಅದು ಸಂತೋಷದ ನೀರೇ. ಅಕ್ಕ ಮೇಜಿನಾಚೆಗೆ ಕೈ ಚಾಚಿ ತಂಗಿಯ ನೋಯುವ ಭುಜದ ಮೇಲಿಟ್ಟು, ಬರುತ್ತೀಯಾ ಎಂಬುದನ್ನೇ ಇರಬೇಕು, ಈ ಸಲ ಅವರ ಭಾಷೆಯಲ್ಲಿ ಕೇಳಿದರು, ಚಿಕ್ಕದಾಗಿ, ಮಗುವನ್ನು ಕೇಳುವಂತೆ.

ಅಜ್ಜಿಯ ಮೂಗಿನಿಂದ ಒಂದು ಸಣ್ಣ ದನಿ ಹೊರಟಿತು. ಅವರ ಭಾಷೆಯಲ್ಲಿ ಅವರು ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ, ನಮ್ಮೂರಲ್ಲೂ ಹೂಂ ಅನ್ನುವುದು ಹಾಗೆಯೇ.